ಇಬ್ಬರೂ ತಮ್ಮವನೆನ್ನುವ ಹೋಸೆ ಮಾರ್ತಿ

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ದಕ್ಷಿಣದ ಅಂಚಿನಲ್ಲಿ ಮೂವರು ಕುದುರೆ ಸವಾರರ ಕಂಚಿನ ಪ್ರತಿಮೆಗಳಿವೆ. ಅವರಲ್ಲಿ ಇಬ್ಬರು, ಸಿಮೋನ್ ಬೊಲಿವಾರ್ ಮತ್ತು ಹೋಸೆ ದೆ ಸಾನ್ ಮಾರ್ತೀನ್, ದಕ್ಷಿಣ ಅಮೆರಿಕವನ್ನು ಸ್ಪೇನಿನ ಆಳ್ವಿಕೆಯಿಂದ ಬಿಡಿಸಿದ ಸೇನಾನಿಗಳು. ಗೆದ್ದವರ ಠೀವಿಯಲ್ಲಿ ಕುಳಿತಿದ್ದಾರೆ. ಮೂರನೆಯವನು ಮಾತ್ರ ಕುದುರೆಯ ಮೇಲಿಂದ ಕುಸಿಯುತ್ತಿದ್ದಾನೆ. ಆತನ ಮೈಮೇಲೆ ಸೈನಿಕನ ಸಮವಸ್ತ್ರವಿಲ್ಲ. ಗುಂಡು ತಗುಲಿದ ಗಳಿಗೆಯಲ್ಲಿ ಶಿಲ್ಪಿ ಆತನನ್ನು ಹಿಡಿದು ನಿಲ್ಲಿಸಿದ್ದಾಳೆ.

ನಿವೃತ್ತಿಯ ನಂತರ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನೊಡನೆ ಆ ಪ್ರತಿಮೆಯ ಎದುರು ನಿಂತಿದ್ದೆ. ಬಿದ್ದುಹೋಗುತ್ತಿರುವವನಿಗೆ ಏಕೆ ಪ್ರತಿಮೆ ಎಂದು ಹುಡುಗ ಕೇಳಿದ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಎಂ.ಎ. ತರಗತಿಯಲ್ಲಿ ಸಕ್ಕರೆಯ ಅಂತರರಾಷ್ಟ್ರೀಯ ವ್ಯಾಪಾರ ಓದುವಾಗ ಹೋಸೆ ಮಾರ್ತಿ ಎಂಬ ಹೆಸರನ್ನು ಒಂದೆರಡು ಕಡೆ ಕಂಡಿದ್ದೆ, ಅಷ್ಟೇ. ಮನೆಗೆ ಮರಳಿದ ಮೇಲೆ ಓದತೊಡಗಿದೆ. ಹುಡುಗನ ಪ್ರಶ್ನೆಯ ಜೊತೆಗೆ ನನ್ನದೇ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು. ಆರು ದಶಕಗಳಿಂದ ಕ್ಯೂಬಾದೊಡನೆ ಮುಖ ತಿರುಗಿಸಿಕೊಂಡಿರುವ ದೇಶದ ಅತಿ ದೊಡ್ಡ ನಗರದ ನಡುವೆ ಕ್ಯೂಬಾದ ರಾಷ್ಟ್ರಪಿತನಿಗೆ ಇಷ್ಟು ದೊಡ್ಡ ಸ್ಥಾನ ದೊರೆತದ್ದು ಹೇಗೆ?

ಆ ಪ್ರತಿಮೆಯ ಕಥೆಯೇ ಉಭಯ ದೇಶಗಳ ಸಂಬಂಧದ ಸಾರಾಂಶದಂತಿದೆ. ಅದನ್ನು ಮಾಡಿದವರು ಅನ್ನಾ ಹಯಾಟ್ ಹಂಟಿಂಗ್ಟನ್ ಎಂಬ ಅಮೆರಿಕದ ಶಿಲ್ಪಿ, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ. ಪೀಠವನ್ನು ಒದಗಿಸಿದ್ದು ಅಂದಿನ ಕ್ಯೂಬಾ ಸರ್ಕಾರ. ಅಷ್ಟರಲ್ಲಿ 1959ರ ಕ್ರಾಂತಿ ಬಂತು, ಎರಡು ಸರ್ಕಾರಗಳೂ ಮುನಿಸಿಕೊಂಡವು, ಪೀಠ ವರ್ಷಗಟ್ಟಲೆ ಬರಿದಾಗಿಯೇ ನಿಂತಿತು. ಕೊನೆಗೆ ಪ್ರತಿಮೆಯನ್ನು ಅನಾವರಣಗೊಳಿಸಿದ್ದು 1965ರಲ್ಲಿ. ಅದರ ಪ್ರತಿಕೃತಿಯೊಂದು 2018ರ ಜನವರಿಯಲ್ಲಿ ಹವಾನಾ ನಗರದಲ್ಲಿ ಅನಾವರಣಗೊಂಡಿತು. ಒಬ್ಬನೇ ಮನುಷ್ಯ, ಒಂದೇ ಭಂಗಿ, ಎರಡು ದಡಗಳು. ನಡುವೆ ಕೇವಲ ನೂರೈವತ್ತು ಕಿಲೋಮೀಟರಿನಷ್ಟು ಅಗಲದ ಫ್ಲಾರಿಡಾ ಜಲಸಂಧಿ.

ಹೋಸೆ ಮಾರ್ತಿ ಹುಟ್ಟಿದ್ದು 1853ರ ಜನವರಿ 28ರಂದು, ಹವಾನಾದ ಸಾಧಾರಣ ಮನೆಯೊಂದರಲ್ಲಿ. ತಂದೆ ಸ್ಪೇನಿನ ವಲೆನ್ಸಿಯಾದಿಂದ ಸೈನಿಕನಾಗಿ ಬಂದವನು, ತಾಯಿ ಕೆನರಿ ದ್ವೀಪಗಳವಳು. ಎಂದರೆ, ಸ್ಪೇನಿನ ವಿರುದ್ಧ ಕ್ಯೂಬಾವನ್ನು ಎಬ್ಬಿಸಿ ನಿಲ್ಲಿಸಿದವನು ಸ್ವತಃ ಸ್ಪೇನಿನವರ ಮಗ. ಏಳು ತಂಗಿಯರ ಒಬ್ಬನೇ ಅಣ್ಣ. ಬಡತನದ ಮನೆ, ಮಗ ಬೇಗನೆ ಗುಮಾಸ್ತಿಕೆಯಲ್ಲಿ ನೆಲೆಯಾಗಲೆಂಬ ಆಸೆ ತಂದೆಗೆ. ಆದರೆ ರಫಾಯೆಲ್ ಮರಿಯಾ ದೆ ಮೆಂದಿವೆ ಎಂಬ ಕವಿ ಹಾಗೂ ಅಧ್ಯಾಪಕ ಈ ಹುಡುಗನ ಪ್ರತಿಭೆಯನ್ನು ಗುರುತಿಸಿ ಓದಿನ ಭಾರ ಹೊತ್ತ.

1868ರ ಅಕ್ಟೋಬರ್ 10ರಂದು ಕಾರ್ಲೋಸ್ ಮಾನುಯೆಲ್ ದೆ ಸೆಸ್ಪೆದೆಸ್ ಎಂಬ ಜಮೀನ್ದಾರ ತನ್ನ ಕಬ್ಬಿನ ತೋಟದ ಗುಲಾಮರನ್ನು ಬಂಧಮುಕ್ತಗೊಳಿಸಿ ಸ್ಪೇನಿನ ವಿರುದ್ಧ ಯುದ್ಧ ಸಾರಿದ. ಮುಂದೆ ಹತ್ತು ವರ್ಷ ನಡೆದ ಆ ಯುದ್ಧ ಆರಂಭವಾದಾಗ ಮಾರ್ತಿಗೆ ಹದಿನೈದು ವರ್ಷ. ಮರುವರ್ಷ ಮಿತ್ರನೊಬ್ಬನ ಮನೆಯ ತಪಾಸಣೆಯಲ್ಲಿ ಪೊಲೀಸರಿಗೆ ಒಂದು ಕಾಗದ ಸಿಕ್ಕಿತು. ಸ್ಪೇನಿನ ಪಡೆಗೆ ಸೇರಿದ ಸಹಪಾಠಿಯನ್ನು ಹೀಯಾಳಿಸಿದ ಪತ್ರವದು. ಅದೊಂದೇ ಪುರಾವೆಯ ಮೇಲೆ ಸೈನಿಕ ನ್ಯಾಯಾಲಯ ಹದಿನೇಳರ ಹುಡುಗನಿಗೆ ಆರು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಹವಾನಾದ ಸಾನ್ ಲಾಸಾರೊ ಕಲ್ಲುಗಣಿಯಲ್ಲಿ, ಸೊಂಟ ಮತ್ತು ಕಾಲಿಗೆ ಕಬ್ಬಿಣದ ಸರಪಳಿ ಬಿಗಿಸಿಕೊಂಡು, ಸುಡುವ ಬಿಸಿಲಿನಲ್ಲಿ ಸುಣ್ಣದಕಲ್ಲು ಒಡೆಯುವ ಕೆಲಸ. ತಂದೆತಾಯಿಯರ ಓಡಾಟದಿಂದ ಕೆಲವು ತಿಂಗಳ ನಂತರ ಗಣಿಯಿಂದ ಬಿಡುಗಡೆಯಾಯಿತು, 1871ರ ಜನವರಿಯಲ್ಲಿ ಸ್ಪೇನಿಗೆ ಗಡೀಪಾರಾಯಿತು. ಕಾಲಿನ ಗಾಯ ಮಾತ್ರ ಜೀವನಪೂರ್ತಿ ಬಾಧಿಸಿತು. ಆ ಸರಪಳಿಯ ಕಬ್ಬಿಣದಿಂದ ಮಾಡಿಸಿದ, ಕ್ಯೂಬಾ ಎಂದು ಕೊರೆದ ಉಂಗುರವನ್ನು ಮುಂದೆ ಆತ ಬೆರಳಲ್ಲಿ ಧರಿಸುತ್ತಿದ್ದ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ಕ್ರೌರ್ಯವನ್ನು ಕಂಡ ಹುಡುಗ ಸ್ಪೇನಿಗೆ ಹೋದೊಡನೆ ಆ ಸೆರೆಮನೆಯ ಕುರಿತು ಪುಸ್ತಿಕೆ ಬರೆದು ಅಲ್ಲಿನ ಜನರ ಮುಂದೆಯೇ ಇಟ್ಟ. ಅದರಲ್ಲಿ ನೋವಿದೆ, ಆರೋಪವಿದೆ. ಆದರೆ ಸ್ಪೇನಿನ ಜನರ ಮೇಲೆ ದ್ವೇಷವಿಲ್ಲ. ಪ್ರಭುತ್ವ ಬೇರೆ, ಪ್ರಜೆ ಬೇರೆ ಎಂಬ ವಿವೇಕ ಆತನಿಗೆ ಹದಿನೆಂಟನೆಯ ವಯಸ್ಸಿನಲ್ಲೇ ಬಂದಿತ್ತು. ಮುಂದೆ ಅಮೆರಿಕವನ್ನು ಕಂಡಾಗಲೂ ಆತ ಕೈಬಿಡದಿದ್ದುದು ಇದೇ ವಿವೇಕವನ್ನು.

ಮ್ಯಾಡ್ರಿಡ್ ಮತ್ತು ಸರಗೋಸಾಗಳಲ್ಲಿ ಕಾನೂನು ಓದಿ 1874ರಲ್ಲಿ ಪದವಿ ಪಡೆದ ಮಾರ್ತಿ ಮೆಕ್ಸಿಕೊದಲ್ಲಿ ಪತ್ರಕರ್ತನಾಗಿ, ಗ್ವಾಟೆಮಾಲಾದಲ್ಲಿ ಅಧ್ಯಾಪಕನಾಗಿ ದುಡಿದ. 1877ರಲ್ಲಿ ಕಾರ್ಮೆನ್ ಸಾಯಾಸ್ ಬಸಾನ್ ಎಂಬ ಕ್ಯೂಬಾದ ಯುವತಿಯನ್ನು ವಿವಾಹವಾದ. ಯುದ್ಧ ಸಂಧಿಯಲ್ಲಿ ಮುಗಿದ ಮೇಲೆ 1878ರಲ್ಲಿ ತಾಯ್ನಾಡಿಗೆ ಮರಳಿದನಾದರೂ ಒಂದೇ ವರ್ಷದಲ್ಲಿ ಮತ್ತೆ ಗಡೀಪಾರು. 1880ರ ಜನವರಿ ಆರಂಭದಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಆತನಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ. ನಡುವೆ ವೆನೆಜುವೆಲಾದಲ್ಲಿ ಕಳೆದ ಕೆಲವು ತಿಂಗಳುಗಳನ್ನು ಬಿಟ್ಟರೆ ಉಳಿದ ಹದಿನೈದು ವರ್ಷಗಳಿಗೆ ಆ ನಗರವೇ ನೆಲೆಯಾಯಿತು. ಹೀಗೆ, ಪ್ರಬುದ್ಧ ವಯಸ್ಸಿನ ಬಹುಪಾಲನ್ನು ಕ್ಯೂಬಾದ ರಾಷ್ಟ್ರಪಿತ ಕಳೆದದ್ದು ಅಮೆರಿಕದಲ್ಲಿ.

ಹೊಟ್ಟೆಪಾಡಿಗೆ ಆತ ಮಾಡದ ಬೌದ್ಧಿಕ ಕೂಲಿಯಿಲ್ಲ. ವ್ಯಾಪಾರಿ ಸಂಸ್ಥೆಗಳ ಗುಮಾಸ್ತಿಕೆ, ಅನುವಾದ, ರಾತ್ರಿ ಶಾಲೆಯ ಪಾಠ, ಉರುಗ್ವೆ ದೇಶದ ಕಾನ್ಸುಲ್ ಹುದ್ದೆ. ಇವೆಲ್ಲದರ ನಡುವೆ ಬ್ವೇನಸ್ ಏರಿಸ್ ನಗರದ ಲಾ ನಸಿಯೋನ್ ಪತ್ರಿಕೆಗೆ ಮತ್ತು ಮೆಕ್ಸಿಕೊದ ಪತ್ರಿಕೆಗಳಿಗೆ ಅಮೆರಿಕದ ಜೀವನವನ್ನು ಕುರಿತು ನೂರಾರು ವರದಿಗಳನ್ನು ಬರೆದ. 1883ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆದಾಗ, 1886ರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆ ಅನಾವರಣಗೊಂಡಾಗ ಆತ ಬರೆದ ವರ್ಣನೆಗಳಲ್ಲಿ ನಿಜವಾದ ಬೆರಗಿದೆ. ಎಮರ್ಸನ್ ಮತ್ತು ವಾಲ್ಟ್ ವಿಟ್ಮನ್ ಇವರನ್ನು ಸ್ಪ್ಯಾನಿಷ್ ಓದುಗರಿಗೆ ಆಪ್ತವಾಗಿ ಪರಿಚಯಿಸಿದವರಲ್ಲಿ ಮೊದಲಿಗರ ಸಾಲಿನವನು ಮಾರ್ತಿ. ಅಮೆರಿಕದ ಮೂಲನಿವಾಸಿಗಳ ದುಃಸ್ಥಿತಿಯನ್ನು ಚಿತ್ರಿಸಿದ ಹೆಲೆನ್ ಹಂಟ್ ಜಾಕ್ಸನ್ನರ ರಮೋನಾ ಕಾದಂಬರಿಯನ್ನು ಸ್ಪ್ಯಾನಿಷ್ ಭಾಷೆಗೆ ತಂದವನೂ ಆತನೇ.

ಆದರೆ ಆತನ ಮೆಚ್ಚುಗೆ ಕುರುಡಾಗಿರಲಿಲ್ಲ. ಚುನಾವಣೆಯಲ್ಲಿ ಹರಿಯುವ ಹಣ, ಕಪ್ಪು ಜನರ ಮೇಲಿನ ದೌರ್ಜನ್ಯ, ವಲಸಿಗರ ಬವಣೆ, ಏಕಸ್ವಾಮ್ಯ ಕಂಪನಿಗಳ ಹಿಡಿತ, ಯಾವುದೂ ಆತನ ಕಣ್ಣು ತಪ್ಪಿಸಲಿಲ್ಲ. ಷಿಕಾಗೊದ ಹೇಮಾರ್ಕೆಟ್ ಪ್ರಕರಣದಲ್ಲಿ ಆರಂಭಕ್ಕೆ ಅರಾಜಕತಾವಾದಿಗಳನ್ನು ಖಂಡಿಸಿ ಬರೆದಿದ್ದ ಮಾರ್ತಿ, 1887ರ ನವೆಂಬರಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದಾಗ ತನ್ನ ನಿಲುವನ್ನು ಬದಲಿಸಿಕೊಂಡು, ಕಾರ್ಮಿಕರನ್ನು ಆ ಹಂತಕ್ಕೆ ತಳ್ಳಿದ ವ್ಯವಸ್ಥೆಯನ್ನು ಪ್ರಶ್ನಿಸಿದ. ಬರೆದದ್ದನ್ನು ತಿದ್ದಿಕೊಳ್ಳುವುದಕ್ಕೆ ಬರೆಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಕಡತದ ಮೇಲೆ ಒಮ್ಮೆ ಟಿಪ್ಪಣಿ ಬರೆದು ಅದನ್ನು ಹಿಂತೆಗೆದುಕೊಳ್ಳಲಾಗದೆ ಒದ್ದಾಡಿದ ನನ್ನಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಈ ಸಾರ್ವಜನಿಕ ಬದುಕಿಗೆ ತೆತ್ತ ಖಾಸಗಿ ಬೆಲೆಯನ್ನೂ ಮರೆಯಬಾರದು. ಹೆಂಡತಿಗೆ ಬೇಕಿದ್ದುದು ನೆಲೆಯಾದ ಸಂಸಾರ. ಗಂಡನಿಗೆ ದೇಶದ ಹೊರತು ಬೇರೆ ಮನೆಯಿರಲಿಲ್ಲ. ಹಲವು ಬಾರಿ ಬಂದು ಹೋದ ಕಾರ್ಮೆನ್ 1891ರಲ್ಲಿ ಮಗನನ್ನು ಕರೆದುಕೊಂಡು ಹವಾನಾಕ್ಕೆ ಮರಳಿಬಿಟ್ಟಳು. ಗಂಡನಿಗೆ ತಿಳಿಸದೆ, ಸ್ಪೇನಿನ ದೂತಾವಾಸದ ನೆರವಿನಿಂದ ಹೊರಟಳೆಂಬುದು ಆತನನ್ನು ಇನ್ನಷ್ಟು ನೋಯಿಸಿತು. ಯಾವ ಮಗನಿಗಾಗಿ 1882ರಲ್ಲಿ ಕವನ ಸಂಕಲನವೊಂದನ್ನೇ ರಚಿಸಿದ್ದನೋ ಆ ಮಗನನ್ನು ಮಾರ್ತಿ ಮತ್ತೆ ನೋಡಲಿಲ್ಲ. ಕಾರ್ಮೆನ್ನಳ ಪಕ್ಷದಲ್ಲಿ ನಿಂತು ನೋಡಿದರೆ ಅವಳನ್ನು ದೂಷಿಸುವುದು ಕಷ್ಟ. ಮಹಾಪುರುಷರ ಚರಿತ್ರೆಗಳು ಮನೆಯ ಅಡುಗೆಯೊಲೆ ಹೇಗೆ ಉರಿಯಿತೆಂದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆದದ್ದು 1889ರಿಂದ 1891ರವರೆಗಿನ ಮಾರ್ತಿ. ಆ ಅವಧಿಯಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳ ಎರಡು ಸಮ್ಮೇಳನಗಳು ನಡೆದವು. ಮೊದಲನೆಯದರಲ್ಲಿ ಸುಂಕ ಒಕ್ಕೂಟದ ಪ್ರಸ್ತಾವ ಬಂತು. 1891ರ ಎರಡನೆಯದರಲ್ಲಿ ಇಡೀ ಖಂಡಕ್ಕೆ ಸಮಾನವಾದ ಬೆಳ್ಳಿಯ ನಾಣ್ಯದ ಪ್ರಸ್ತಾವ. ಮಾರ್ತಿ ಮೊದಲನೆಯದಕ್ಕೆ ವರದಿಗಾರ, ಎರಡನೆಯದಕ್ಕೆ ಉರುಗ್ವೆಯ ಪ್ರತಿನಿಧಿ. ಅಮೆರಿಕದ ಪಶ್ಚಿಮ ರಾಜ್ಯಗಳ ಗಣಿಗಳಲ್ಲಿ ಬೆಳ್ಳಿ ರಾಶಿ ಬಿದ್ದಿತ್ತು, ಬೆಲೆ ಕುಸಿಯುತ್ತಿತ್ತು. ಯುರೋಪಿನ ಪ್ರಮುಖ ರಾಷ್ಟ್ರಗಳು ಆಗಲೇ ಚಿನ್ನಕ್ಕೆ ಹೊರಳಿದ್ದವು. ಅವುಗಳೊಡನೆ ವ್ಯವಹರಿಸಲೇಬೇಕಾದ ಸಣ್ಣ ದೇಶಗಳು ಬೆಳ್ಳಿಗೆ ಕಟ್ಟಿಹಾಕಿಕೊಂಡರೆ ಕೊನೆಗೆ ಒಂದೇ ದೇಶದ ಆಶ್ರಿತರಾಗಬೇಕಾಗುತ್ತದೆ ಎಂಬುದು ಮಾರ್ತಿಯ ವಾದ. ಪ್ರಸ್ತಾವ ಬಿದ್ದುಹೋಯಿತು. ಬೆಳ್ಳಿಯ ಬೆಲೆ ಕುಸಿತ ನಮ್ಮ ದೇಶವನ್ನೂ ಬಿಡಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಬೆಳ್ಳಿಯ ರೂಪಾಯಿಯ ಮೌಲ್ಯ ಇಳಿಯುತ್ತ ಹೋಗಿ, 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿತು. ಆದರೆ ಆ ತೀರ್ಮಾನ ಆದದ್ದು ಲಂಡನ್ನಿನಲ್ಲಿ. ನಮ್ಮ ಪರವಾಗಿ ಮಾತನಾಡಲು ಅಲ್ಲೊಬ್ಬ ಮಾರ್ತಿ ಇರಲಿಲ್ಲ.

ಆತನ ಆರ್ಥಿಕ ಚಿಂತನೆಯ ತಿರುಳು ಸರಳ. ಕೊಳ್ಳುವವನು ಒಬ್ಬನೇ ಆದರೆ ಕ್ರಮೇಣ ಅವನೇ ಒಡೆಯನಾಗುತ್ತಾನೆ. ಸ್ವತಂತ್ರವಾಗಿ ಉಳಿಯಬಯಸುವ ದೇಶ ಅನೇಕರಿಗೆ ಮಾರಬೇಕು. ಸೇವಾವಧಿಯಲ್ಲಿ ಕೆಲವು ವರ್ಷ ಕಬ್ಬು ಬೆಳೆಗಾರರ ಮತ್ತು ಕಾರ್ಖಾನೆಗಳ ನಡುವಣ ತಗಾದೆಗಳನ್ನು ಆಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ಗಾಡಿಯಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಸುತ್ತಲಿಗೆಲ್ಲ ಒಂದೇ ಕಾರ್ಖಾನೆ ಇರುವಲ್ಲಿ ರೈತ ಯಾವ ದರಕ್ಕೂ ತಲೆಯಾಡಿಸುತ್ತಾನೆ, ಬಾಕಿ ಹಣಕ್ಕೆ ತಿಂಗಳುಗಟ್ಟಲೆ ಅಲೆಯುತ್ತಾನೆ. ಈ ಹೊಲದ ಸತ್ಯವನ್ನು ಇಡೀ ದ್ವೀಪಕ್ಕೆ ಅನ್ವಯಿಸಿ ನೋಡಿದರೆ ಕ್ಯೂಬಾದ ಸ್ಥಿತಿ ಅರ್ಥವಾಗುತ್ತದೆ. 1890ರಲ್ಲಿ ಅಮೆರಿಕ ಕಚ್ಚಾ ಸಕ್ಕರೆಯ ಸುಂಕ ತೆಗೆದಾಗ ಕ್ಯೂಬಾದ ಕಬ್ಬು ಹುಲುಸಾಯಿತು, ಉತ್ಪಾದನೆ ಸುಮಾರು ಹತ್ತು ಲಕ್ಷ ಟನ್ ಮುಟ್ಟಿತು. 1894ರಲ್ಲಿ ಅದೇ ಅಮೆರಿಕ ಶೇಕಡಾ 40ರ ಸುಂಕ ಹಾಕಿದಾಗ ದ್ವೀಪದ ಆರ್ಥಿಕತೆ ಕುಸಿಯಿತು. ಸ್ವಾತಂತ್ರ್ಯದ ಕೊನೆಯ ಯುದ್ಧ ಸಿಡಿದದ್ದು ಅದರ ಮರುವರ್ಷ.

ಆ ಕಾಲದಲ್ಲಿ ಕ್ಯೂಬಾವನ್ನು ಹಣ ಕೊಟ್ಟು ಕೊಳ್ಳಬೇಕು ಎಂಬ ಮಾತು ಅಮೆರಿಕದಲ್ಲಿ ಆಗಾಗ ಏಳುತ್ತಿತ್ತು. 1889ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದು, ಕ್ಯೂಬಾದವರು ಸೋಮಾರಿಗಳು, ಪೌರುಷವಿಲ್ಲದವರು, ಅಂಥವರನ್ನು ಪ್ರಜೆಗಳಾಗಿ ಸೇರಿಸಿಕೊಳ್ಳುವುದೇ ಅಪಾಯವೆಂದು ಬರೆಯಿತು. ನ್ಯೂಯಾರ್ಕಿನ ಈವನಿಂಗ್ ಪೋಸ್ಟ್ ಪತ್ರಿಕೆ ಅದನ್ನು ಅನುಮೋದಿಸಿತು. ಮಾರ್ತಿ ಅದೇ ಪತ್ರಿಕೆಗೆ ಇಂಗ್ಲಿಷಿನಲ್ಲೇ ದೀರ್ಘ ಉತ್ತರ ಬರೆದ. ಲಿಂಕನ್ನನ ಅಮೆರಿಕವನ್ನು ತಾನು ಪ್ರೀತಿಸುವುದಾಗಿ, ನೆರೆಯವರ ನೆಲಕ್ಕೆ ಆಸೆಪಡುವ ಅಮೆರಿಕಕ್ಕೆ ಅಂಜುವುದಾಗಿ ಅದರಲ್ಲಿ ವಿವರಿಸಿದ. ಎರಡು ಅಮೆರಿಕಗಳಿವೆ ಎಂಬ ಈ ತಿಳಿವಳಿಕೆ ಇಂದಿಗೂ ಹಳತಾಗಿಲ್ಲ.

ಸ್ವಾತಂತ್ರ್ಯಕ್ಕಾಗಿ ದುಡಿಯುವಾಗಲೂ ಆತನ ಎಚ್ಚರ ಹೊರಗಿನವರ ಕುರಿತು ಮಾತ್ರ ಇರಲಿಲ್ಲ. 1884ರಲ್ಲಿ ಹಿಂದಿನ ಯುದ್ಧದ ಮಹಾದಂಡನಾಯಕರಾದ ಮಾಕ್ಸಿಮೊ ಗೋಮೆಸ್ ಮತ್ತು ಆಂತೋನಿಯೊ ಮಸೆಯೊ ಹೊಸ ದಂಡಯಾತ್ರೆ ಯೋಜಿಸಿ ನ್ಯೂಯಾರ್ಕಿಗೆ ಬಂದಾಗ ಮಾರ್ತಿ ಅವರಿಂದ ದೂರ ಸರಿದ. ಸೈನ್ಯದ ಶಿಬಿರವನ್ನು ನಡೆಸುವಂತೆ ದೇಶವನ್ನು ನಡೆಸಲಾಗದು, ಒಬ್ಬ ನಿರಂಕುಶನನ್ನು ಓಡಿಸಿ ಇನ್ನೊಬ್ಬನನ್ನು ತಂದರೆ ಗಳಿಸಿದ್ದೇನು ಎಂಬ ಆಶಯದ ಪತ್ರವನ್ನು ಗೋಮೆಸ್‌ಗೆ ಬರೆದ. ಈ ನಿಲುವಿನಿಂದ ಆತ ಕೆಲವು ವರ್ಷ ಒಂಟಿಯಾದ, ಹೇಡಿಯೆಂದೂ ಕರೆಸಿಕೊಂಡ.

ಆತನನ್ನು ಮತ್ತೆ ಎತ್ತಿ ನಿಲ್ಲಿಸಿದವರು ಫ್ಲಾರಿಡಾದ ಟ್ಯಾಂಪಾ ಮತ್ತು ಕೀ ವೆಸ್ಟ್ ಪಟ್ಟಣಗಳ ಸಿಗಾರ್ ಕಾರ್ಮಿಕರು. ಆ ಕಾರ್ಖಾನೆಗಳಲ್ಲಿ ಒಂದು ವಿಶಿಷ್ಟ ಪದ್ಧತಿಯಿತ್ತು. ನೂರಾರು ಜನ ಕುಳಿತು ಹೊಗೆಸೊಪ್ಪು ಸುತ್ತುತ್ತಿದ್ದರೆ ಎತ್ತರದ ಕಟ್ಟೆಯ ಮೇಲೆ ಕುಳಿತ ಒಬ್ಬ ಅವರಿಗೆ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ಸಂಬಳ ಕಾರ್ಮಿಕರದೇ ವಂತಿಗೆ. ಓದು ಬಾರದವರಿಗೂ ಲೋಕದ ಸುದ್ದಿ ಗೊತ್ತಿತ್ತು. ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಕೇಳುತ್ತಿದ್ದರು. 1891ರ ನವೆಂಬರಿನಲ್ಲಿ ಟ್ಯಾಂಪಾದಲ್ಲಿ ಮಾಡಿದ ಭಾಷಣದಲ್ಲಿ ಮಾರ್ತಿ, ಹುಟ್ಟಲಿರುವ ಗಣರಾಜ್ಯ ಯಾರನ್ನೂ ಹೊರಗಿಡದೆ ಎಲ್ಲರ ಒಳಿತಿಗೆ ಮೀಸಲಾಗಬೇಕೆಂದು ಸಾರಿದ. ಗುಲಾಮಗಿರಿ ಕ್ಯೂಬಾದಲ್ಲಿ ಕೊನೆಗೊಂಡು ಆಗ ಐದೇ ವರ್ಷ. 1892ರಲ್ಲಿ ಕ್ಯೂಬನ್ ಕ್ರಾಂತಿಕಾರಿ ಪಕ್ಷ ಸ್ಥಾಪನೆಯಾಯಿತು, ಪಾತ್ರಿಯಾ ಪತ್ರಿಕೆ ಹೊರಬಂತು. ಕಾರ್ಮಿಕರು ದಿನದ ಕೂಲಿಯನ್ನು ತೆಗೆದಿಟ್ಟು ಹೋರಾಟಕ್ಕೆ ಕೊಟ್ಟರು. ಅಷ್ಟರಲ್ಲಿ ಸ್ಪೇನಿನ ಆಕ್ಷೇಪದ ಕಾರಣ ಮಾರ್ತಿ ತನ್ನ ಕಾನ್ಸುಲ್ ಹುದ್ದೆಗಳಿಗೆ ತಾನಾಗಿ ರಾಜೀನಾಮೆ ನೀಡಿದ್ದ. ಮುನಿದಿದ್ದ ಗೋಮೆಸ್ ಬಳಿಗೆ ತಾನೇ ಹೋಗಿ ಸೇನಾಧಿಪತ್ಯ ವಹಿಸಿಕೊಳ್ಳುವಂತೆ ಕೇಳಿಕೊಂಡದ್ದೂ ಆತನ ದೊಡ್ಡತನವೇ.

1895ರ ಜನವರಿಯಲ್ಲಿ ಫ್ಲಾರಿಡಾದ ಫರ್ನಾಂಡಿನಾ ಬಂದರಿನಲ್ಲಿ ಶಸ್ತ್ರಾಸ್ತ್ರ ಹೊರಲು ಸಿದ್ಧವಾಗಿದ್ದ ಮೂರು ಹಡಗುಗಳ ಗುಟ್ಟು ರಟ್ಟಾಗಿ ಅಮೆರಿಕದ ಅಧಿಕಾರಿಗಳು ಎಲ್ಲವನ್ನೂ ವಶಪಡಿಸಿಕೊಂಡರು. ಮೂರು ವರ್ಷಗಳ ಕಾರ್ಮಿಕರ ಬೆವರು ಒಂದೇ ದಿನದಲ್ಲಿ ನೀರುಪಾಲಾಯಿತು. ಆದರೂ ಫೆಬ್ರುವರಿ 24ರಂದು ದ್ವೀಪದಲ್ಲಿ ಬಂಡಾಯ ಎದ್ದಿತು. ಏಪ್ರಿಲ್ 11ರ ರಾತ್ರಿ ಗೋಮೆಸ್, ಮಾರ್ತಿ ಮತ್ತು ಇನ್ನು ನಾಲ್ವರು ಬಿರುಗಾಳಿಯ ನಡುವೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಕ್ಯೂಬಾದ ಪೂರ್ವ ತೀರದ ಪ್ಲಾಯಿತಾಸ್‌ನಲ್ಲಿ ಇಳಿದರು.

ಮೇ 18ರಂದು ಮಾರ್ತಿ ಮೆಕ್ಸಿಕೊದ ಆಪ್ತಮಿತ್ರ ಮಾನುಯೆಲ್ ಮೆರ್ಕಾದೊಗೆ ಪತ್ರವೊಂದನ್ನು ಬರೆಯತೊಡಗಿದ. ಕ್ಯೂಬಾ ಸ್ಪೇನಿನಿಂದ ಬಿಡುಗಡೆ ಹೊಂದುವುದರ ಜೊತೆಗೆ, ಅಮೆರಿಕ ಆ ದ್ವೀಪಗಳ ಮೇಲೆ ಹರಡಿಕೊಂಡು ಇಡೀ ಖಂಡದ ಮೇಲೆ ಬೀಳುವುದನ್ನು ಸಕಾಲದಲ್ಲಿ ತಡೆಯುವುದೇ ತನ್ನ ಇಷ್ಟು ದಿನಗಳ ಕೆಲಸದ ಉದ್ದೇಶವೆಂದು ಅದರಲ್ಲಿ ತೋಡಿಕೊಂಡ. ಪತ್ರ ಅಪೂರ್ಣವಾಗಿ ಉಳಿಯಿತು. ಮರುದಿನ ದೋಸ್ ರಿಯೋಸ್ ಎಂಬಲ್ಲಿ, ಹಿಂದೆಯೇ ಉಳಿಯುವಂತೆ ಗೋಮೆಸ್ ಹೇಳಿದ್ದರೂ ಕೇಳದೆ, ಒಬ್ಬ ತರುಣನೊಡನೆ ಕುದುರೆಯೇರಿ ಮುನ್ನುಗ್ಗಿದ ಮಾರ್ತಿ ಸ್ಪೇನಿನ ಸೈನಿಕರ ಗುಂಡಿಗೆ ಬಲಿಯಾದ. ವಯಸ್ಸು ನಲವತ್ತೆರಡು. ಸೆಂಟ್ರಲ್ ಪಾರ್ಕಿನ ಕಂಚಿನಲ್ಲಿ ನಿಂತಿರುವುದು ಆ ಗಳಿಗೆ.

ಆತ ಅಂಜಿದ್ದೇ ಮೂರು ವರ್ಷಗಳಲ್ಲಿ ನಡೆಯಿತು. 1898ರಲ್ಲಿ ಹವಾನಾ ಬಂದರಿನಲ್ಲಿ ಮೇನ್ ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡ ಬೆನ್ನಲ್ಲೇ ಅಮೆರಿಕ ಯುದ್ಧಕ್ಕಿಳಿದು ಸ್ಪೇನನ್ನು ಸೋಲಿಸಿತು. ಸಾಂತಿಯಾಗೊ ನಗರ ಶರಣಾದಾಗ ಮೂರು ವರ್ಷ ಕಾದಾಡಿದ್ದ ಕ್ಯೂಬಾದ ಪಡೆಗೆ ನಗರದೊಳಗೆ ಪ್ರವೇಶ ಸಿಗಲಿಲ್ಲ. ಪ್ಯಾರಿಸ್ಸಿನ ಶಾಂತಿ ಒಪ್ಪಂದದ ಮೇಜಿನಲ್ಲಿ ಕ್ಯೂಬಾಕ್ಕೆ ಕುರ್ಚಿಯಿರಲಿಲ್ಲ. 1901ರ ಪ್ಲಾಟ್ ತಿದ್ದುಪಡಿ, ಬೇಕೆನಿಸಿದಾಗ ಮಧ್ಯಪ್ರವೇಶಿಸುವ ಹಕ್ಕನ್ನು ಅಮೆರಿಕಕ್ಕೆ ಕೊಟ್ಟಿತು. ಇದನ್ನು ಒಪ್ಪದೆ ಸೈನ್ಯ ಹಿಂದೆ ಸರಿಯದೆಂದು ಅರಿತ ಸಂವಿಧಾನ ಸಭೆ ಅಲ್ಪ ಬಹುಮತದಿಂದ ಒಪ್ಪಿತು. 1902ರಲ್ಲಿ ಗಣರಾಜ್ಯ ಹುಟ್ಟಿತು, ಕಾಲಿಗೆ ಸರಪಳಿಯೊಡನೆಯೇ. 1903ರಲ್ಲಿ ಗ್ವಾಂತಾನಮೊ ಕೊಲ್ಲಿಯ ನೆಲ ನೌಕಾನೆಲೆಗಾಗಿ ಅಮೆರಿಕದ ವಶಕ್ಕೆ ಹೋಯಿತು.

ಮುಂದಿನ ಕಥೆ ಓದುಗರಿಗೆ ತಿಳಿದದ್ದೇ. 1959ರಲ್ಲಿ ಫಿದೆಲ್ ಕಾಸ್ಟ್ರೊ ಮಾರ್ತಿಯ ಹೆಸರಿನಲ್ಲೇ ಅಧಿಕಾರ ಹಿಡಿದರು. 1960ರಲ್ಲಿ ಅಮೆರಿಕದ ಆಸ್ತಿಗಳ ರಾಷ್ಟ್ರೀಕರಣ, ಸಕ್ಕರೆ ಕೋಟಾ ರದ್ದು; 1961ರಲ್ಲಿ ಬೇ ಆಫ್ ಪಿಗ್ಸ್ ದಾಳಿ; 1962ರಲ್ಲಿ ವ್ಯಾಪಾರ ದಿಗ್ಬಂಧನ ಮತ್ತು ಕ್ಷಿಪಣಿ ಬಿಕ್ಕಟ್ಟು. ಒಬ್ಬನೇ ಗಿರಾಕಿಯನ್ನು ಕಳೆದುಕೊಂಡ ಕ್ಯೂಬಾ ಇನ್ನೊಬ್ಬ ಗಿರಾಕಿಯನ್ನು, ಸೋವಿಯತ್ ಒಕ್ಕೂಟವನ್ನು, ಹಿಡಿಯಿತು. 1991ರಲ್ಲಿ ಅದೂ ಇಲ್ಲವಾದಾಗ ದ್ವೀಪ ಕಂಗಾಲಾಯಿತು. ಮಾರ್ತಿಯ ಆರ್ಥಿಕ ಪಾಠವನ್ನು ಆತನ ಭಕ್ತರೇ ಓದಿರಲಿಲ್ಲ. 1980ರ ದಶಕದಲ್ಲಿ ವರ್ಷಕ್ಕೆ 70ರಿಂದ 80 ಲಕ್ಷ ಟನ್ ಸಕ್ಕರೆ ತೆಗೆದ ದೇಶ ಇತ್ತೀಚಿನ ವರ್ಷಗಳಲ್ಲಿ ಸಕ್ಕರೆ ಆಮದು ಮಾಡಿಕೊಳ್ಳುವ ಸ್ಥಿತಿಗೆ ಬಂತು.

ಎರಡು ಕಡೆಯವರೂ ಮಾರ್ತಿಯನ್ನು ತಮ್ಮವನೆಂದರು. ಹವಾನಾದ ವಿಮಾನ ನಿಲ್ದಾಣಕ್ಕೆ ಆತನ ಹೆಸರು. ಹವಾನಾದ ಆಡಳಿತವನ್ನು ಟೀಕಿಸಲೆಂದೇ ಅಮೆರಿಕ 1985ರಲ್ಲಿ ಆರಂಭಿಸಿದ ರೇಡಿಯೊಗೂ ಆತನದೇ ಹೆಸರು. ಒಬ್ಬರು ಗೋಮೆಸ್‌ಗೆ ಬರೆದ ಪತ್ರವನ್ನು ಮರೆತರು, ಇನ್ನೊಬ್ಬರು ಮೆರ್ಕಾದೊಗೆ ಬರೆದ ಪತ್ರವನ್ನು. 2003ರಲ್ಲಿ 75 ಭಿನ್ನಮತೀಯರನ್ನು ಸೆರೆಗೆ ತಳ್ಳಿದ, 2021ರ ಜುಲೈ ಪ್ರತಿಭಟನೆಯ ನಂತರ ನೂರಾರು ಜನರನ್ನು ಜೈಲಿಗಟ್ಟಿದ ಸರ್ಕಾರ ಮಾರ್ತಿ ಎದುರಿಸಿದ ಸೈನಿಕ ನ್ಯಾಯಾಲಯವನ್ನು ನೆನೆಯಬೇಕಿತ್ತು. 1996ರ ಹೆಲ್ಮ್ಸ್-ಬರ್ಟನ್ ಕಾಯಿದೆಯ ಮೂಲಕ ನೆರೆಯ ದೇಶದಲ್ಲಿ ಯಾರು ಆಳಬಾರದೆಂಬುದನ್ನೂ ತಾನೇ ಷರತ್ತಾಗಿ ಬರೆದ ಅಮೆರಿಕದ ಸಂಸತ್ತು ಪ್ಲಾಟ್ ತಿದ್ದುಪಡಿಯನ್ನು ನೆನೆಯಬೇಕಿತ್ತು.

2014ರ ಡಿಸೆಂಬರ್ 17ರಂದು ಬರಾಕ್ ಒಬಾಮ ಮತ್ತು ರಾವುಲ್ ಕಾಸ್ಟ್ರೊ ಸಂಬಂಧ ಪುನರಾರಂಭವನ್ನು ಘೋಷಿಸಿದಾಗ, 2015ರ ಜುಲೈಯಲ್ಲಿ ದೂತಾವಾಸಗಳು ತೆರೆದಾಗ, 2016ರ ಮಾರ್ಚಿಯಲ್ಲಿ ಒಬಾಮ ಹವಾನಾದ ಮಾರ್ತಿ ಸ್ಮಾರಕಕ್ಕೆ ಪುಷ್ಪಗುಚ್ಛ ಅರ್ಪಿಸಿದಾಗ ಹಳೆಯ ಗಂಟು ಬಿಚ್ಚಿತೆಂದು ನನ್ನಂಥವರು ನಂಬಿದ್ದೆವು. 2017ರಿಂದ ಡೊನಾಲ್ಡ್ ಟ್ರಂಪ್ ಅದನ್ನು ಮತ್ತೆ ಬಿಗಿದರು. 2021ರ ಜನವರಿಯಲ್ಲಿ ಕ್ಯೂಬಾ ಭಯೋತ್ಪಾದನೆಯ ಪೋಷಕ ರಾಷ್ಟ್ರಗಳ ಪಟ್ಟಿಗೆ ಮರಳಿ ಸೇರಿತು. 2025ರ ಜನವರಿ 14ರಂದು ಜೋ ಬೈಡನ್ ಅದನ್ನು ಪಟ್ಟಿಯಿಂದ ತೆಗೆಯುವ ನಿರ್ಧಾರ ಪ್ರಕಟಿಸಿದರು. ಜನವರಿ 20ರಂದು, ಎಂದರೆ ಆರೇ ದಿನಗಳಲ್ಲಿ, ಟ್ರಂಪ್ ಅದನ್ನು ರದ್ದುಪಡಿಸಿದರು. ಒಂದು ಸಹಿಯಿಂದ ಆಗುವುದು ಇನ್ನೊಂದು ಸಹಿಯಿಂದ ಅಳಿಯುತ್ತದೆ. ಆಡಳಿತದಲ್ಲಿದ್ದವರಿಗೆ ಇದು ಹೊಸತಲ್ಲ; ಆದೇಶದ ಮೇಲೆ ನಿಂತ ಸ್ನೇಹಕ್ಕೆ ಆದೇಶದಷ್ಟೇ ಆಯಸ್ಸು. ದಿಗ್ಬಂಧನವಂತೂ ಈಗ ಕಾಯಿದೆಯ ರೂಪದಲ್ಲಿದೆ. ಅಧ್ಯಕ್ಷರು ಮನಸ್ಸು ಮಾಡಿದರೂ ಸಂಸತ್ತಿಲ್ಲದೆ ತೆಗೆಯಲಾರರು. ರಾಷ್ಟ್ರೀಕೃತ ಆಸ್ತಿಗಳಿಗೆ ಸಂಬಂಧಿಸಿ ಅಮೆರಿಕದ ಆಯೋಗ ಮಾನ್ಯ ಮಾಡಿದ 5,913 ಪರಿಹಾರ ಕೋರಿಕೆಗಳೂ ಇತ್ಯರ್ಥವಾಗದೆ ಉಳಿದಿವೆ.

ಈ ನಡುವೆ ಜನ ಕಾಯುತ್ತ ಕೂರಲಿಲ್ಲ. ಕ್ಯೂಬಾ ಮೂಲದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಅಮೆರಿಕದಲ್ಲಿದ್ದಾರೆ. 2022ರ ಹಣಕಾಸು ವರ್ಷವೊಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಕ್ಯೂಬನ್ನರು ಅಮೆರಿಕದ ಗಡಿ ತಲುಪಿದರು. ಪ್ರತಿ ಮನೆಯೂ ಎರಡು ದಡಗಳಲ್ಲಿ ಹಂಚಿಹೋಗಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಮಗಳೊಬ್ಬಳು ದೂರದಲ್ಲಿರುವ ತಂದೆಯಾಗಿ ನಾನು ಹೇಳಬಲ್ಲೆ: ಬೇಕೆಂದಾಗ ವಿಮಾನ ಹತ್ತಬಲ್ಲೆನೆಂಬ ಧೈರ್ಯವೇ ನಮ್ಮಂಥವರ ನೆಮ್ಮದಿ. ಹವಾನಾದ ಮತ್ತು ಮಯಾಮಿಯ ಅಜ್ಜ ಅಜ್ಜಿಯರಿಗೆ ಆ ಧೈರ್ಯ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದ ಚುನಾವಣೆಯೊಡನೆ ಬದಲಾಗುತ್ತದೆ.

ಕೊನೆಗೆ ಎರಡು ತುಂಡು ನೆಲದ ವಿಷಯ ಹೇಳಿ ಮುಗಿಸುತ್ತೇನೆ. ಗ್ವಾಂತಾನಮೊದಲ್ಲಿ ಕ್ಯೂಬಾದ ಸುಮಾರು 117 ಚದರ ಕಿಲೋಮೀಟರ್ ನೆಲ ಅಮೆರಿಕದ ವಶದಲ್ಲಿದೆ. 1934ರ ಒಪ್ಪಂದದ ಪ್ರಕಾರ ಅದರ ವಾರ್ಷಿಕ ಬಾಡಿಗೆ ಸುಮಾರು 4,085 ಡಾಲರ್. 1959ರಲ್ಲಿ ಒಮ್ಮೆ ನಗದಾದ ಆ ಚೆಕ್ಕನ್ನು ಕ್ಯೂಬಾ ನಂತರ ನಗದು ಮಾಡಿಸಿಕೊಳ್ಳಲಿಲ್ಲ. ಇನ್ನೊಂದು ತುಂಡು ಟ್ಯಾಂಪಾದ ಈಬರ್ ಸಿಟಿಯಲ್ಲಿದೆ. 1892ರಲ್ಲಿ ಯಾರೋ ಮಾರ್ತಿಗೆ ವಿಷವುಣಿಸಲು ಯತ್ನಿಸಿದ ಮೇಲೆ ಆತನನ್ನು ತನ್ನ ಮನೆಯಲ್ಲಿಟ್ಟುಕೊಂಡು ಕಾಪಾಡಿದವಳು ಪಾವುಲಿನಾ ಪೆದ್ರೋಸೊ ಎಂಬ ಕರಿಯ ಮಹಿಳೆ. ಆ ಮನೆಯಿದ್ದ ಜಾಗ 1956ರಲ್ಲಿ ಕ್ಯೂಬಾ ಸರ್ಕಾರದ ಹೆಸರಿಗೆ ನೋಂದಣಿಯಾಯಿತು; ಈಗ ಅಲ್ಲಿ ಮಾರ್ತಿಯ ಹೆಸರಿನ ಪುಟ್ಟ ಉದ್ಯಾನವಿದೆ. ಅರ್ಧ ಎಕರೆಯೂ ಇಲ್ಲದ ಆ ನೆಲ ಅಮೆರಿಕದೊಳಗಿನ ಕ್ಯೂಬಾ. ಒಂದು ನೆಲ ಬಲದಿಂದ ಬಂದದ್ದು, ಕಾವಲಿನಲ್ಲಿ ಉಳಿದದ್ದು. ಇನ್ನೊಂದು ಕೃತಜ್ಞತೆಯಿಂದ ಉಳಿದದ್ದು. ಅದರ ಬಾಗಿಲಲ್ಲಿ ಸೈನಿಕರಿಲ್ಲ.

ಎರಡು ದೇಶಗಳ ನಾಳೆ ಏನಾಗುವುದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದು ಗ್ವಾಂತಾನಮೊದ ಮಾದರಿಯಲ್ಲಿ ಮುಂದುವರಿದರೆ ನಗದಾಗದ ಚೆಕ್ಕುಗಳಷ್ಟೇ ಬೆಳೆಯುತ್ತ ಹೋಗುತ್ತವೆ ಎಂಬುದು ಖಚಿತ. ಮೊಮ್ಮಗನಿಗೆ ಅಂದು ಕೊಡಲಾಗದ ಉತ್ತರವನ್ನು ಮುಂದಿನ ಬಾರಿ ಕೊಡಬೇಕೆಂದಿದ್ದೇನೆ. ನೆರೆಯವನನ್ನು ದ್ವೇಷಿಸದೆಯೇ ಅವನ ಅಡಿಯಾಳಾಗಲು ಒಪ್ಪದವನೊಬ್ಬನಿದ್ದ. ಆತ ಬಿದ್ದ ಜಾಗದಿಂದ ಆ ಎರಡು ದೇಶಗಳೂ ಇನ್ನೂ ಮುಂದೆ ನಡೆದಿಲ್ಲ, ಅದಕ್ಕೇ ಆತ ಅಲ್ಲಿ ಹಾಗೆಯೇ ನಿಂತಿದ್ದಾನೆ.